ಗುಲ್ಮ ಪೂರ್ತಿ ತೆಗೆಸುವುದೋ, ಒಂದಿಷ್ಟು ಉಳಿಸುವುದೋ, ಮಾತ್ರೆಯಲ್ಲೇ ಕಾಯುವುದೋ?

ಪುಣೆಯಲ್ಲಿ ಸೋನೋಗ್ರಫಿ ಮಾಡಿಸಿದರೆ ವರದಿಯಲ್ಲಿ ‘ಸ್ಪ್ಲೀನ್’ ಎಂದಿರುತ್ತದೆ. ನರ್ಸ್ ‘ಪಾಂಥರಿ’ ಎನ್ನುತ್ತಾರೆ. ಊರಿಗೆ ಫೋನ್ ಮಾಡಿದರೆ ‘ಹೊಟ್ಟೆಯೊಳಗೆ ಗಡ್ಡೆಯಂತೆ’ ಎಂದು ಮನೆಮಂದಿ ಗಾಬರಿಯಾಗುತ್ತಾರೆ. ಎಲ್ಲರೂ ಹೇಳುತ್ತಿರುವುದು ಒಂದನ್ನೇ: ಎಡಗಡೆ ಪಕ್ಕೆಲುಬುಗಳ ಮರೆಯಲ್ಲಿ ಕೂತಿರುವ, ಆರೋಗ್ಯವಂತ ವಯಸ್ಕರಲ್ಲಿ ಸುಮಾರು 150 ಗ್ರಾಂ ತೂಗುವ ಗುಲ್ಮ. ಮಲೇರಿಯಾ, ಹೈಡಾಟಿಡ್ (ನಾಯಿಯ ಹುಳುವಿನಿಂದ ಬರುವ ನೀರುಗುಳ್ಳೆ), ಕಾಲಾ ಅಜಾರ್ (ಮರಳುನೊಣದಿಂದ ಹರಡುವ ಜ್ವರ) ಮುಂತಾದ ಪರೋಪಜೀವಿ ರೋಗಗಳಲ್ಲಿ ಇದು ಊದಿಕೊಳ್ಳುತ್ತದೆ, ಗುಳ್ಳೆ ಕಟ್ಟುತ್ತದೆ, ಅಪರೂಪಕ್ಕೆ ಒಡೆಯುತ್ತದೆ. ಆಗ ಸರ್ಜನ್ ಮುಂದಿಡುವ ದಾರಿಗಳು ಒಂದೆರಡಲ್ಲ.

ಮುಂಬಯಿ, ಪುಣೆ, ಗೋವಾದ ಕನ್ನಡಿಗರಿಗೆ ಈ ಆಯ್ಕೆ ಇನ್ನಷ್ಟು ಬಿಗಿ. ಆಪರೇಶನ್ ಮುಗಿದ ಮೇಲೂ ಅವರು ಬದುಕಬೇಕಾದದ್ದು ಮಲೇರಿಯಾ ಸೊಳ್ಳೆ ಇರುವ ಊರಿನಲ್ಲೇ. ಕೆಲಸ ಒಂದು ರಾಜ್ಯದಲ್ಲಿ, ಮನೆ ಇನ್ನೊಂದರಲ್ಲಿ, ಆಸ್ಪತ್ರೆಯ ಕಾಗದ ಎರಡರ ನಡುವೆ ಎಲ್ಲೋ. ಆದ್ದರಿಂದ ಗಾಯದ ಉದ್ದ, ಆಸ್ಪತ್ರೆಯಲ್ಲಿ ಮಲಗುವ ದಿನಗಳನ್ನಷ್ಟೇ ಲೆಕ್ಕ ಹಾಕಿ ತೀರ್ಮಾನಿಸಬಾರದು. ಆಮೇಲೆ ಎಷ್ಟು ರೋಗನಿರೋಧಕ ಶಕ್ತಿ ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಯಾವ ಪರೋಪಜೀವಿ ಎಂಬುದೇ ಅರ್ಧ ತೀರ್ಮಾನ

ಮಲೇರಿಯಾದಿಂದ ಊದಿದ ಗುಲ್ಮವನ್ನು ಗಾತ್ರದ ಕಾರಣಕ್ಕೆ ತೆಗೆಸಬೇಡಿ. ಮತ್ತೆ ಮತ್ತೆ ಮಲೇರಿಯಾ ಬಂದವರಲ್ಲಿ ಕೆಲವರ ಗುಲ್ಮ ಪಕ್ಕೆಲುಬಿನಿಂದ 10 ಸೆಂ.ಮೀ. ಕೆಳಗಿಳಿದು, ರಕ್ತದಲ್ಲಿ ಐಜಿಎಮ್ ಎಂಬ ಪ್ರತಿಕಾಯ ವಿಪರೀತ ಏರಿರುತ್ತದೆ. ಸ್ಲೈಡಿನಲ್ಲಿ ಒಂದು ಪರೋಪಜೀವಿಯೂ ಕಾಣದಿರಬಹುದು. ಇದಕ್ಕೆ ಮದ್ದು ತಿಂಗಳುಗಟ್ಟಲೆ ನಡೆಸುವ ಮಲೇರಿಯಾ ಔಷಧ, ಜೊತೆಗೆ ಸೊಳ್ಳೆ ಕಡಿಯದಂತೆ ಕಾಪಾಡಿಕೊಳ್ಳುವುದು. ಆರು ತಿಂಗಳಲ್ಲಿ ಗುಲ್ಮ ಶೇ. 40ರಷ್ಟಾದರೂ ಕುಗ್ಗಿದರೆ ದಾರಿ ಸರಿಯಿದೆ ಎಂದರ್ಥ. ಕುಗ್ಗದಿದ್ದರೆ ಲಿಂಫೋಮಾ ಎಂಬ ಕ್ಯಾನ್ಸರ್ ಇದೆಯೇ ಎಂದು ಹುಡುಕಬೇಕೇ ಹೊರತು ಅದೇ ಮಾತ್ರೆಯನ್ನು ವರ್ಷವಿಡೀ ಎಳೆಯಬಾರದು. ವೈವ್ಯಾಕ್ಸ್ ಬಗೆಯ ಮಲೇರಿಯಾದ ನಡುವೆ ಗುಲ್ಮ ಬಿರುಕು ಬಿಟ್ಟರೂ, ರಕ್ತದೊತ್ತಡ ನಿಂತಿದ್ದರೆ, ಐಸಿಯುನಲ್ಲಿ ಕಣ್ಣಿಟ್ಟು ಉಳಿಸಿಕೊಳ್ಳಲು ಆಗುತ್ತದೆ. ಒತ್ತಡ ಕುಸಿಯುತ್ತಲೇ ಇದ್ದು, ಬಾಟಲಿ ಮೇಲೆ ಬಾಟಲಿ ರಕ್ತ ಬೇಕಾದರೆ ಮಾತ್ರ ತೆಗೆಯದೆ ಗತಿಯಿಲ್ಲ. ಆ ಹೊತ್ತಿನಲ್ಲಿ ಹೋಲಿಕೆಗೆ ಸಮಯವೂ ಇರುವುದಿಲ್ಲ.

ಕಾಲಾ ಅಜಾರ್‌ನ ಗುಲ್ಮ ಹೊಕ್ಕುಳ ದಾಟುವಷ್ಟು ಬೆಳೆದರೂ ಔಷಧಕ್ಕೆ ಕರಗುತ್ತದೆ. ಆ ರೋಗ ಮುಖ್ಯವಾಗಿ ಬಿಹಾರ, ಝಾರ್ಖಂಡ್ ಕಡೆಯದು.

ಶಿಸ್ಟೊಸೋಮಾ ಬೇರೆ ಕತೆ. ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ ಈ ಹುಳುವಿನ ಸೋಂಕು 1952ರಲ್ಲಿ ವರದಿಯಾಗಿತ್ತು, ಆದರೆ ಅದು ಮೂತ್ರಕೋಶಕ್ಕೆ ತಗಲುವ ಬಗೆ. ಗುಲ್ಮ ಊದಿಸಿ, ಅನ್ನನಾಳದ ರಕ್ತನಾಳ ಉಬ್ಬಿಸಿ, ರಕ್ತ ಕಾರಿಸುವ ಬಗೆ ಈಜಿಪ್ಟ್, ಸೂಡಾನ್, ಬ್ರೆಜಿಲ್, ಚೀನಾ ಕಡೆಯದು. ಮುಂಬಯಿಯಲ್ಲಿ ಇದನ್ನು ನೆನೆಯಬೇಕಾದದ್ದು ಆಫ್ರಿಕಾದಲ್ಲಿ ವರ್ಷಗಟ್ಟಲೆ ದುಡಿದು, ಅಲ್ಲಿನ ಕೆರೆ ಕಾಲುವೆಗಿಳಿದು ಬಂದವರಲ್ಲಿ.

ಆಯ್ಕೆ ನಿಜವಾಗಿ ತಲೆಕೆಡಿಸುವುದು ಹೈಡಾಟಿಡ್ ಗುಳ್ಳೆಯಲ್ಲಿ. ಕುರಿ ಕಡಿದ ಜಾಗದಲ್ಲಿ ಬಿಸಾಡಿದ ಹಸಿ ಕರುಳು ಪಿತ್ತಜನಕಾಂಗವನ್ನು ನಾಯಿ ತಿನ್ನುತ್ತದೆ, ನಾಯಿಯ ಹೊಟ್ಟೆಯಲ್ಲಿ ಎಕಿನೊಕಾಕಸ್ ಹುಳು ಬೆಳೆಯುತ್ತದೆ, ಅದರ ಮೊಟ್ಟೆ ಮಲದಿಂದ ಸೊಪ್ಪಿಗೆ, ನೀರಿಗೆ, ಮುದ್ದಿಸುವ ಕೈಗೆ ಬರುತ್ತದೆ. ಕುರಿ ಸಾಕುವ ಸೀಮೆಯಲ್ಲಿ ಬಾಲ್ಯ ಕಳೆದವರಿಗೆ ಹೊಟ್ಟೆಗೆ ಹೋದ ಮೊಟ್ಟೆ ಇಪ್ಪತ್ತು ವರ್ಷದ ಮೇಲೆ ಮುಂಬಯಿಯ ಸ್ಕ್ಯಾನಿನಲ್ಲಿ ಗುಳ್ಳೆಯಾಗಿ ಕಾಣಬಹುದು. ಹೆಚ್ಚಿನವು ಪಿತ್ತಜನಕಾಂಗದಲ್ಲಿ, ಆಮೇಲೆ ಶ್ವಾಸಕೋಶದಲ್ಲಿ. ಗುಲ್ಮಕ್ಕೆ ಬರುವುದು ಕಡಿಮೆ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡದು. ಅಡುಗೆಮನೆಯಲ್ಲಿ ತಟ್ಟೆ ಬೇರೆ ಇಡಬೇಕಿಲ್ಲ.

ಗುಲ್ಮ ಹೋದರೆ ಏನು ಹೋಗುತ್ತದೆ

ಗುಲ್ಮ ರಕ್ತದ ಜರಡಿ. ಅದರ ಕೆಂಪು ತಿರುಳಿನ ಸಂದುಗಳಲ್ಲಿ ಕೆಂಪುಕಣಗಳು ಹಿಂಡಿಕೊಂಡು ನುಸುಳಬೇಕು. ಗಡುಸಾದ ಕಣ, ಒಳಗೆ ಪರೋಪಜೀವಿ ಕೂತ ಕಣ ಅಲ್ಲಿ ಸಿಕ್ಕಿಬೀಳುತ್ತದೆ. ಕೆಲವು ಸಲ ಕಣವನ್ನು ಕೊಲ್ಲದೆ ಒಳಗಿನ ಕಸವನ್ನಷ್ಟೇ ಕಿತ್ತು ಕಣವನ್ನು ವಾಪಸ್ ಕಳಿಸುವ ಜಾಣತನವೂ ಅದಕ್ಕಿದೆ. ಬಿಳಿ ತಿರುಳಿನ ಅಂಚಿನಲ್ಲಿ ಕೂತ ಒಂದು ಬಗೆಯ ಬಿ ಕೋಶಗಳು (ಬಿಳಿಕಣಗಳು) ಸಕ್ಕರೆಯ ಪೊರೆ ಹೊದ್ದ ಬ್ಯಾಕ್ಟೀರಿಯಾಗಳ ಮೇಲೆ ಬೇಗನೆ ಐಜಿಎಮ್ ಪ್ರತಿಕಾಯ ಹೊರಡಿಸುತ್ತವೆ. ಗುಲ್ಮ ತೆಗೆದ ಮೇಲೆ ಐಜಿಎಮ್ ಇಳಿಯುತ್ತದೆ, ಈ ಬಿ ಕೋಶಗಳು ಕುಗ್ಗುತ್ತವೆ. ಇನ್ನೊಂದು ಪ್ರತಿಕಾಯ ಐಜಿಜಿ ಬಹುಮಟ್ಟಿಗೆ ಹಾಗೇ ಇರುತ್ತದೆ. ಹಾಗಾಗಿ ಸಾಮಾನ್ಯ ನೆಗಡಿ ಕೆಮ್ಮು ಹೆಚ್ಚಾಗುವುದಿಲ್ಲ, ‘ಏನೂ ಆಗಿಲ್ಲವಲ್ಲ’ ಎಂದೇ ವರ್ಷಗಳು ಕಳೆಯುತ್ತವೆ.

ಕೈಕೊಡುವುದು ಒಂದೇ ಜಾಗದಲ್ಲಿ, ಆದರೆ ಕೆಟ್ಟ ಜಾಗದಲ್ಲಿ. ನ್ಯುಮೊಕಾಕಸ್, ಮೆನಿಂಗೊಕಾಕಸ್, ಹಿಮೊಫಿಲಸ್ ಬಿ ಎಂಬ ಬ್ಯಾಕ್ಟೀರಿಯಾಗಳು ರಕ್ತಕ್ಕೆ ಬಂದರೆ ತಡೆಯುವವರಿಲ್ಲ. ಬೆಳಿಗ್ಗೆ ಮೈಕೈ ನೋವು, ಚಳಿ. ಸಂಜೆಗೆ ರಕ್ತದೊತ್ತಡ ಕುಸಿತ. ಒಂದೆರಡು ದಿನದೊಳಗೆ ಸಾವು. ಶಿಶುಗಳಲ್ಲಿ ಇದನ್ನು ಕಿಂಗ್ ಮತ್ತು ಶುಮಾಕರ್ 1952ರಲ್ಲೇ ವಿವರಿಸಿದ್ದರು. ಮೊದಲ ಎರಡು ಮೂರು ವರ್ಷ ಅಪಾಯ ಹೆಚ್ಚು, ಆದರೆ ಜೀವನಪರ್ಯಂತ ಪೂರ್ತಿ ಹೋಗುವುದಿಲ್ಲ. ಅಪಘಾತದಲ್ಲಿ ಗುಲ್ಮ ಕಳೆದುಕೊಂಡವರಿಗಿಂತ ರಕ್ತರೋಗ, ಪೋರ್ಟಲ್ ಒತ್ತಡ (ಕರುಳು, ಗುಲ್ಮದಿಂದ ಪಿತ್ತಜನಕಾಂಗಕ್ಕೆ ರಕ್ತ ಒಯ್ಯುವ ನಾಳದಲ್ಲಿ ಏರಿದ ಒತ್ತಡ) ಇದ್ದು ತೆಗೆಸಿಕೊಂಡವರಿಗೆ, ಮತ್ತು ಐದು ವರ್ಷದೊಳಗಿನ ಮಕ್ಕಳಿಗೆ ಅಪಾಯ ಜಾಸ್ತಿ.

ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ

*ಮಾತ್ರೆ ಮತ್ತು ಕಾಯುವಿಕೆ.* ಹೈಡಾಟಿಡ್ ಗುಳ್ಳೆ ಸುಣ್ಣಗಟ್ಟಿ ಸತ್ತಿದ್ದರೆ (ವರದಿಯಲ್ಲಿ ಸಿಇ4, ಸಿಇ5 ಎಂದಿರುತ್ತದೆ), ನೋವಿಲ್ಲದಿದ್ದರೆ, ಸೋನೋಗ್ರಫಿ ಮಾಡಿಸುತ್ತ ಸುಮ್ಮನಿರುವುದೇ ಸರಿ. ರಕ್ತಪರೀಕ್ಷೆ ನೆಗೆಟಿವ್ ಬಂದ ಮಾತ್ರಕ್ಕೆ ಹೈಡಾಟಿಡ್ ಅಲ್ಲ ಎನ್ನಲಾಗದು. ಗುಲ್ಮದ ಗುಳ್ಳೆಗಳಲ್ಲಿ ಹಾಗಾಗುವುದುಂಟು. 5 ಸೆಂ.ಮೀ.ಗಿಂತ ಸಣ್ಣ, ಜೀವಂತ ಗುಳ್ಳೆಗೆ ಆಲ್ಬೆಂಡಜೋಲ್ ಒಂದನ್ನೇ ಮೊದಲು ನೋಡಬಹುದು: ದಿನಕ್ಕೆ ಕೆ.ಜಿ. ತೂಕಕ್ಕೆ 10ರಿಂದ 15 ಮಿ.ಗ್ರಾಂ, ಎರಡು ಪಾಲು ಮಾಡಿ. ವಯಸ್ಕರಿಗೆ ಸಾಮಾನ್ಯವಾಗಿ 400 ಮಿ.ಗ್ರಾಂ ಎರಡು ಹೊತ್ತು. ಇಲ್ಲಿ ಎಲ್ಲರೂ ಮಾಡುವ ತಪ್ಪು ಖಾಲಿ ಹೊಟ್ಟೆಗೆ ನುಂಗುವುದು. ಜಿಡ್ಡಿನ ಊಟದ ಜೊತೆ ನುಂಗಿದರೆ ಈ ಔಷಧ ಹಲವು ಪಟ್ಟು ಹೆಚ್ಚು ರಕ್ತಕ್ಕೆ ಸೇರುತ್ತದೆ. ಅನ್ನಕ್ಕೆ ತುಪ್ಪ, ಇಲ್ಲವೇ ಒಂದು ಲೋಟ ಗಟ್ಟಿ ಹಾಲು ಸಾಕು. ಎರಡು ವಾರಕ್ಕೊಮ್ಮೆ ಪಿತ್ತಜನಕಾಂಗದ ಪರೀಕ್ಷೆ ಮತ್ತು ಬಿಳಿಕಣಗಳ ಎಣಿಕೆ ಬೇಕು. ಗರ್ಭಿಣಿಯರಿಗೆ ಕೂಡದು. ನಿರೋಧಕ ಶಕ್ತಿಯ ಲೆಕ್ಕದಲ್ಲಿ ಈ ದಾರಿಯಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಆದರೆ ಗುಳ್ಳೆ ದೊಡ್ಡದಿದ್ದು ಗುಲ್ಮದ ಹೊರಮೈಗೆ ಉಬ್ಬಿ ನಿಂತಿದ್ದರೆ, ಲೋಕಲ್ ಟ್ರೇನಿನ ಒಂದು ಮೊಣಕೈ ಪೆಟ್ಟಿಗೂ ಒಡೆಯಬಹುದು. ಅಂಥವರಿಗೆ ಕಾಯುವುದು ಜಾಣತನವಲ್ಲ.

*ಗುಳ್ಳೆಯ ಮೇಲ್ಛಾವಣಿ ಮಾತ್ರ ಕತ್ತರಿಸುವುದು.* ಗುಲ್ಮ ಪೂರ್ತಿ ಉಳಿಯುತ್ತದೆ, ರಕ್ತಸ್ರಾವ ಕಡಿಮೆ. ತೊಂದರೆ ಉಳಿದ ಪೊಳ್ಳಿನದು: ಅಲ್ಲಿ ಕೀವು ಕಟ್ಟುವುದು, ಗೋಡೆಯಲ್ಲಿ ಉಳಿದ ಮರಿಗುಳ್ಳೆ ಮತ್ತೆ ಬೆಳೆಯುವುದು. ಪೊಳ್ಳಿಗೆ ಹೊಟ್ಟೆಯ ಕೊಬ್ಬಿನ ಪದರವನ್ನು ತುಂಬಿ ಹೊಲಿದರೆ ಕೀವು ಕಡಿಮೆಯಾಗುತ್ತದೆ. ಗುಳ್ಳೆ ಹೊರಮೈಯಲ್ಲಿದ್ದು, ಒಂದೇ ಇದ್ದು, ರೋಗಿಯ ವಯಸ್ಸು ಚಿಕ್ಕದಿದ್ದರೆ ಇದನ್ನು ಕೇಳಿ ನೋಡಬಹುದು.

*ಭಾಗಶಃ ತೆಗೆಯುವುದು.* ಗುಲ್ಮಕ್ಕೆ ಹೋಗುವ ಧಮನಿ ಒಳಗೆ ಹೊಗುವ ಮೊದಲೇ ಕವಲೊಡೆಯುತ್ತದೆ. ಒಂದೊಂದು ಕವಲಿಗೆ ಒಂದೊಂದು ತುಂಡು. ಗುಳ್ಳೆ ಮೇಲಿನ ಅಥವಾ ಕೆಳಗಿನ ತುದಿಯಲ್ಲಿದ್ದರೆ ಆ ಭಾಗದ ಕವಲನ್ನು ಮಾತ್ರ ಕಟ್ಟುತ್ತಾರೆ. ಕೆಲವು ನಿಮಿಷದಲ್ಲಿ ಆ ಭಾಗ ಕಪ್ಪಿಟ್ಟು ಗಡಿಗೆರೆ ಎದ್ದು ಕಾಣುತ್ತದೆ, ಕಪ್ಪು ಭಾಗದೊಳಗೇ ಗೆರೆಗೆ ಸ್ವಲ್ಪ ಅಂತರ ಬಿಟ್ಟು ಕತ್ತರಿಸುತ್ತಾರೆ. ತನ್ನದೇ ರಕ್ತನಾಳ ಇರುವ ಗುಲ್ಮ ಕನಿಷ್ಠ ಕಾಲು ಭಾಗ, ಅಂದರೆ ಶೇ. 25ರಿಂದ 30ರಷ್ಟು, ಉಳಿದರೆ ಜರಡಿ ಕೆಲಸ ನಡೆಯುತ್ತದೆ ಎಂಬುದು ಸರ್ಜನ್‌ಗಳು ನಂಬಿರುವ ಲೆಕ್ಕ. ಸರ್ಜನ್‌ರನ್ನು ಕೇಳಬೇಕಾದದ್ದು ‘ಎಷ್ಟು ತೆಗೆಯುತ್ತೀರಿ’ ಎಂದಲ್ಲ, ‘ಯಾವ ಧಮನಿಯ ಮೇಲೆ ಎಷ್ಟು ಉಳಿಯುತ್ತದೆ’ ಎಂದು. ಇದಕ್ಕೆ ಧಮನಿಯ ಹಂತ ಹಿಡಿದ ಸಿ.ಟಿ. ಸ್ಕ್ಯಾನ್ ಮೊದಲೇ ಆಗಿರಬೇಕು. ಟೇಬಲ್ ಮೇಲೆ ರಕ್ತ ನಿಲ್ಲದಿದ್ದರೆ ಪೂರ್ತಿ ತೆಗೆಯಬೇಕಾಗುತ್ತದೆ. ಆ ಮಾತನ್ನು ಒಪ್ಪಿಗೆ ಪತ್ರದಲ್ಲಿ ಬರೆದಿರುತ್ತಾರೆ, ಓದಿ ಸಹಿ ಹಾಕಿ. ‘ಅರ್ಧ ಉಳಿಯುತ್ತದೆ, ಲಸಿಕೆ ಯಾಕೆ’ ಎಂಬ ಮಾತು ಇಲ್ಲಿಯೇ ಬಿದ್ದುಹೋಗುತ್ತದೆ.

*ಪೂರ್ತಿ ತೆಗೆಯುವುದು.* ಗುಳ್ಳೆ ನಡುವೆ ಧಮನಿಯ ಬುಡದಲ್ಲೇ ಕೂತಿದ್ದರೆ, ಹಲವು ಗುಳ್ಳೆಗಳು ಗುಲ್ಮವನ್ನೇ ನುಂಗಿದ್ದರೆ, ಕೀವು ತುಂಬಿದ್ದರೆ, ಒಡೆದಿದ್ದರೆ ಇದೇ ಸರಿ. ಹೈಡಾಟಿಡ್ ಮಟ್ಟಿಗೆ ಮರುಕಳಿಸುವ ಭಯ ಅತಿ ಕಡಿಮೆ ಇರುವ ದಾರಿಯೂ ಇದೇ. ಆಪರೇಶನ್ ಹೊತ್ತಿನ ದೊಡ್ಡ ಅಪಾಯ ಗುಳ್ಳೆಯ ನೀರು ಹೊಟ್ಟೆಯೊಳಗೆ ಚೆಲ್ಲುವುದು. ಚೆಲ್ಲಿದರೆ ಆ ಕ್ಷಣಕ್ಕೆ ಅಲರ್ಜಿಯ ಆಘಾತ, ವರ್ಷಗಳ ಮೇಲೆ ಹೊಟ್ಟೆತುಂಬ ಹೊಸ ಗುಳ್ಳೆ. ಅದಕ್ಕೇ ಶೇ. 20ರ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಸುತ್ತ ಮುಚ್ಚುತ್ತಾರೆ, ಅಡ್ರಿನಲಿನ್ ಸಿದ್ಧವಿಟ್ಟಿರುತ್ತಾರೆ. ಮೇದೋಜೀರಕದ ಬಾಲ ಗುಲ್ಮಕ್ಕೆ ಅಂಟಿಕೊಂಡಿರುವುದರಿಂದ ಅದಕ್ಕೆ ಗಾಯವಾಗಬಹುದು. ಡ್ರೇನ್ ನೀರಿನಲ್ಲಿ ಅಮೈಲೇಸ್ (ಮೇದೋಜೀರಕದ ಕಿಣ್ವ) ಏರಿದರೆ ಅದೇ ಸುಳಿವು. ಎಡ ಶ್ವಾಸಕೋಶದ ಬುಡ ಮುದುರಿಕೊಳ್ಳದಂತೆ ಎರಡನೆಯ ದಿನದಿಂದಲೇ ಉಸಿರಾಟದ ವ್ಯಾಯಾಮ ಬೇಕು. ನೋವೆಂದು ಬಿಟ್ಟವರಿಗೆ ಜ್ವರ ಹಿಡಿಯುತ್ತದೆ.

ಪೂರ್ತಿ ತೆಗೆದ ಮೇಲೆ ಪ್ಲೇಟ್‌ಲೆಟ್ ಒಂದರಿಂದ ಮೂರು ವಾರದೊಳಗೆ ಏರಿ ನಿಲ್ಲುತ್ತದೆ. 10 ಲಕ್ಷ ದಾಟಿದರೆ ಆಸ್ಪಿರಿನ್ ಬೇಕೇ ಎಂದು ವೈದ್ಯರು ನೋಡುತ್ತಾರೆ. ಶಿಸ್ಟೊಸೋಮಾ ಅಥವಾ ಇನ್ನಾವುದೇ ಕಾರಣಕ್ಕೆ ಪೋರ್ಟಲ್ ಒತ್ತಡ ಇದ್ದವರಲ್ಲಿ ಪೋರ್ಟಲ್ ರಕ್ತನಾಳದಲ್ಲೇ ಹೆಪ್ಪುಗಟ್ಟುವ ಅಪಾಯ ಇನ್ನೂ ಹೆಚ್ಚು, ಪ್ಲೇಟ್‌ಲೆಟ್ ಅಷ್ಟೇನೂ ಏರದಿದ್ದರೂ ಸಹ. ಒಂದು ವಾರದ ಹೊತ್ತಿಗೆ ಒಂದು ಡಾಪ್ಲರ್ (ರಕ್ತನಾಳದ ಸೋನೋಗ್ರಫಿ) ಮಾಡಿಸಿಯೇ ಮನೆಗೆ ಹೋಗಿ. ಮನೆಗೆ ಹೋದ ಮೇಲೆ ಹೊಟ್ಟೆನೋವು, ಜ್ವರ, ಹೊಟ್ಟೆ ಉಬ್ಬರ ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ.

*ತೆಗೆದು ಚೂರು ನೆಡುವುದು.* ತೆಗೆದ ಗುಲ್ಮದ ಆರೋಗ್ಯಕರ ಭಾಗವನ್ನು ತೆಳು ಹೋಳು ಮಾಡಿ ಹೊಟ್ಟೆಯ ಕೊಬ್ಬಿನ ಪದರದ ಚೀಲದೊಳಗೆ ಹೊಲಿಯುತ್ತಾರೆ. ವಾರಗಳಲ್ಲಿ ಹೊಸ ರಕ್ತನಾಳ ಬೆಳೆದು ಚೂರು ಬದುಕುತ್ತದೆ. ಬ್ರೆಜಿಲ್, ಚೀನಾಗಳಲ್ಲಿ ಶಿಸ್ಟೊಸೋಮಾ ರೋಗಿಗಳಿಗೆ ಮಾಡಿದ್ದಾರೆ. ರಕ್ತದ ಸ್ಲೈಡ್ ಸುಧಾರಿಸುತ್ತದೆ, ಐಜಿಎಮ್ ಏರುತ್ತದೆ. ಆದರೆ ಚೂರಿಗೆ ಹರಿಯುವ ರಕ್ತ ದೊಡ್ಡ ಧಮನಿಯದಲ್ಲ, ಸಣ್ಣ ಸಣ್ಣ ನಾಳಗಳದ್ದು. ಮಾರಕ ಸೋಂಕಿನಿಂದ ಕಾಪಾಡುತ್ತದೆಂಬುದು ಸಾಬೀತಾಗಿಲ್ಲ. ನಮ್ಮ ಮಟ್ಟಿಗೆ ಇದು ಸಮಾಧಾನ, ವಿಮೆಯಲ್ಲ. ಹೈಡಾಟಿಡ್‌ನಲ್ಲಿ ಯಾವ ಹೋಳಿನಲ್ಲಿ ಮರಿಗುಳ್ಳೆ ಅಡಗಿದೆಯೋ ಎಂಬ ಅನುಮಾನದಲ್ಲೇ ನೆಡುವುದು ಅವಿವೇಕ. ಹಾಗೆಯೇ, ಹತ್ತರಲ್ಲಿ ಒಬ್ಬರಿಂದ ಮೂವರಿಗೆ ಹುಟ್ಟಿನಿಂದಲೇ ಮರಿಗುಲ್ಮ ಇರುತ್ತದೆ. ‘ನನಗೆ ಇನ್ನೊಂದಿದೆ’ ಎಂದು ಅದನ್ನೂ ನೆಚ್ಚಿಕೊಳ್ಳಬೇಡಿ.

*ಧಮನಿ ಮುಚ್ಚುವುದು.* ತೊಡೆಯಿಂದ ತಂತಿ ಹಾಕಿ ಗುಲ್ಮದ ಒಂದು ಭಾಗಕ್ಕೆ ರಕ್ತ ನಿಲ್ಲಿಸುವುದು. ಪೋರ್ಟಲ್ ಒತ್ತಡದಲ್ಲಿ ಪ್ಲೇಟ್‌ಲೆಟ್ ಏರಿಸಲು, ಒಡೆದ ಗುಲ್ಮದ ರಕ್ತ ನಿಲ್ಲಿಸಲು ಉಪಯೋಗಿ. ಅರ್ಧದಿಂದ ಶೇ. 70ರವರೆಗೆ ಮುಚ್ಚಬಹುದು, ಅದಕ್ಕೆ ಮೇಲೆ ಹೋದರೆ ಕೀವಿನ ಗಡ್ಡೆ, ಎದೆಯಲ್ಲಿ ನೀರು. ಹೈಡಾಟಿಡ್ ಗುಳ್ಳೆಗೆ ಇದು ಚಿಕಿತ್ಸೆಯಲ್ಲ.

ಲಸಿಕೆಯ ತಾರೀಕು, ಆಪರೇಶನ್ ತಾರೀಕಿಗಿಂತ ಮುಂಚೆ

ಹೈಡಾಟಿಡ್‌ನಲ್ಲಿ ಆಪರೇಶನ್‌ಗೆ ಮೊದಲು ಕೆಲವು ದಿನದಿಂದ ಒಂದು ತಿಂಗಳವರೆಗೆ ಆಲ್ಬೆಂಡಜೋಲ್ ಕೊಡುತ್ತಾರೆ, ಆಮೇಲೂ ಮುಂದುವರಿಸುತ್ತಾರೆ. ಸುಮ್ಮನೆ ಕಳೆಯುವ ಆ ವಾರಗಳೇ ಲಸಿಕೆಯ ವಾರಗಳು. ಹೇಳಿದವರೇ ಇಲ್ಲವೆಂದು ಆ ವಾರಗಳು ಖಾಲಿ ಹೋಗುವುದೇ ಇಡೀ ವ್ಯವಹಾರದಲ್ಲಿ ನಾವು ಕಾಣುವ ದೊಡ್ಡ ನಷ್ಟ.

ನಿಯಮ ಸರಳ: ಆಪರೇಶನ್‌ಗೆ ಕನಿಷ್ಠ 2 ವಾರ ಮೊದಲು ಲಸಿಕೆಯ ಮೊದಲ ಸುತ್ತು ಮುಗಿದಿರಬೇಕು. ತುರ್ತಾಗಿ ತೆಗೆದಿದ್ದರೆ 14 ದಿನ ಕಳೆದ ಮೇಲೆ. ಆದರೆ ಆ ರೋಗಿ ವಾಪಸ್ ಬರುವ ಭರವಸೆ ಇಲ್ಲದಿದ್ದರೆ, ಉದಾಹರಣೆಗೆ ಗೋವಾದಲ್ಲಿ ಆಪರೇಶನ್ ಆಗಿ ಬಿಡುಗಡೆಯಾದ ಕೂಡಲೇ ಗದಗಿನ ಬಸ್ ಹತ್ತುವವರಾದರೆ, ಬಿಡುಗಡೆಯ ದಿನವೇ ಕೊಟ್ಟುಬಿಡುವುದು ಲೇಸು. ಮಲೇರಿಯಾ ಜ್ವರ ಇದ್ದಾಗ ಲಸಿಕೆಯ ಫಲ ಮಂಕಾಗುತ್ತದೆ. ಜ್ವರ ವಾಸಿಯಾದ ಮೇಲೆ ಹಾಕಿಸಿ.

ನ್ಯುಮೊಕಾಕಸ್‌ಗೆ ಎರಡು ಜಾತಿಯ ಲಸಿಕೆ ಇವೆ. ಪ್ರೋಟೀನ್ ಜೋಡಿಸಿದ ಕಾಂಜುಗೇಟ್ ಬಗೆ, ಬರೀ ಸಕ್ಕರೆಪೊರೆಯ 23 ಬಗೆಯದು (ಅಂಕಿ ಎಷ್ಟು ಬಗೆಯ ನ್ಯುಮೊಕಾಕಸ್‌ಗೆ ಎಂಬುದನ್ನು ಹೇಳುತ್ತದೆ). ಎರಡನೆಯದು ಕೆಲಸ ಮಾಡುವುದು ಗುಲ್ಮದ ಅಂಚಿನ ಬಿ ಕೋಶಗಳನ್ನೇ ನೆಚ್ಚಿ. ಗುಲ್ಮ ಇಲ್ಲದಾಗ ಅದರ ಬಲ ಕಡಿಮೆ. ಕಾಂಜುಗೇಟ್‌ಗೆ ಟಿ ಕೋಶದ ನೆರವಿದೆ, ದುಗ್ಧಗ್ರಂಥಿಗಳಲ್ಲೂ ಕೆಲಸ ನಡೆಯುತ್ತದೆ. ಹಾಗಾಗಿ ಮೊದಲು ಕಾಂಜುಗೇಟ್, 13 ಬಗೆಯದಾದರೆ ಕನಿಷ್ಠ 8 ವಾರ ಬಿಟ್ಟು 23ರದು, ಅದಾದ 5 ವರ್ಷಕ್ಕೆ 23ರದು ಇನ್ನೊಮ್ಮೆ. ಅದಕ್ಕಿಂತ ಪದೇಪದೇ ಚುಚ್ಚಿಸಿಕೊಂಡರೆ ಲಾಭವಿಲ್ಲ, ದೇಹದ ಪ್ರತಿಕ್ರಿಯೆಯೇ ಕುಗ್ಗಬಹುದು. 20 ಬಗೆಯ ಕಾಂಜುಗೇಟ್ ಸಿಕ್ಕರೆ ಒಂದೇ ಡೋಸು, 23ರ ಗೊಡವೆಯಿಲ್ಲ. ಗಡಿಬಿಡಿಯಲ್ಲಿ 23ರದನ್ನೇ ಮೊದಲು ಹಾಕಿಸಿಕೊಂಡ ವಯಸ್ಕರು ಕಾಂಜುಗೇಟ್‌ಗೆ ಒಂದು ವರ್ಷ ಕಾಯಬೇಕಾಗುತ್ತದೆ. ಮೆಡಿಕಲ್ ಅಂಗಡಿಯವರಿಗೆ ಬರೀ ‘ನ್ಯುಮೋನಿಯಾ ಲಸಿಕೆ’ ಎಂದರೆ ಫ್ರಿಜ್ಜಿನಲ್ಲಿ ಇರುವುದನ್ನು ಕೊಡುತ್ತಾರೆ, ಎಚ್ಚರ.

ಮೆನಿಂಗೊಕಾಕಸ್‌ನ ನಾಲ್ಕು ಬಗೆಯ ಲಸಿಕೆ ಎರಡು ಡೋಸು, ನಡುವೆ 8 ವಾರ, ಆಮೇಲೆ 5 ವರ್ಷಕ್ಕೊಮ್ಮೆ. ಇಲ್ಲೊಂದು ತೊಡಕು: ಮೆನಾಕ್ಟ್ರಾ ಬ್ರ್ಯಾಂಡ್ ಆದರೆ ನ್ಯುಮೊಕಾಕಸ್ ಕಾಂಜುಗೇಟ್ ಜೊತೆಗೆ ಕೊಡಬಾರದು, ಅದು ಮುಗಿದ 4 ವಾರದ ಮೇಲೆ ಕೊಡಬೇಕು, ಮೆನ್ವಿಯೊ ಬ್ರ್ಯಾಂಡ್ ಆದರೆ ಅದೇ ದಿನ ಬೇರೆ ತೋಳಿಗೆ ಕೊಡಬಹುದು. ಆಪರೇಶನ್‌ಗೆ ಮೂರೇ ವಾರ ಇದ್ದರೆ ಈ ವ್ಯತ್ಯಾಸವೇ ನಿರ್ಣಾಯಕ. ಹಿಮೊಫಿಲಸ್ ಬಿ ಮೊದಲು ಹಾಕಿಸಿರದಿದ್ದರೆ ಒಂದು ಡೋಸು. ಫ್ಲೂ ಚುಚ್ಚುಮದ್ದು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ; ಮೂಗಿಗೆ ಸಿಂಪಡಿಸುವ ಬಗೆ ಬೇಡ. ಲಸಿಕೆಯನ್ನು ಅಂಗಡಿಯಿಂದ ಆಸ್ಪತ್ರೆಗೆ ನೀವೇ ಒಯ್ಯಬೇಕಾದರೆ 2ರಿಂದ 8 ಡಿಗ್ರಿ ಕಾಯಬೇಕು, ಮಂಜುಗಡ್ಡೆಗೆ ನೇರ ತಾಗಿ ಹೆಪ್ಪುಗಟ್ಟಿದರೂ ಕೆಟ್ಟಿತು.

ದಿನವೂ ಮಾತ್ರೆಯೋ, ಜೇಬಿನಲ್ಲಿ ಮಾತ್ರೆಯೋ

ಐದು ವರ್ಷದೊಳಗಿನ ಮಕ್ಕಳಿಗೆ ದಿನವೂ ಪೆನಿಸಿಲಿನ್ ಬೇಕೇ ಬೇಕು. ವಯಸ್ಕರಿಗೆ ಮೊದಲ ಒಂದೆರಡು ವರ್ಷ ಪೆನಿಸಿಲಿನ್ ವಿ 250 ಮಿ.ಗ್ರಾಂ ಎರಡು ಹೊತ್ತು. ಅದು ಸಿಗದ ಕಡೆ ಅಮಾಕ್ಸಿಸಿಲಿನ್ ಕೊಡುವುದು ರೂಢಿ. ಒಮ್ಮೆ ಈ ಮಾರಕ ಸೋಂಕು ಬಂದು ಬದುಕಿದವರಿಗೆ, ಪಿತ್ತಜನಕಾಂಗ ಕೆಟ್ಟವರಿಗೆ ಜೀವನಪರ್ಯಂತ. ಸಮಸ್ಯೆ ಎಂದರೆ ಆರೋಗ್ಯವಾಗಿರುವವರು ಎರಡನೆಯ ತಿಂಗಳಿಗೆ ಮಾತ್ರೆ ಮರೆಯುತ್ತಾರೆ, ಮತ್ತು ಮಾತ್ರೆ ನುಂಗುತ್ತಿದ್ದೇನೆಂಬ ಧೈರ್ಯದಲ್ಲಿ ಜ್ವರವನ್ನು ಕಡೆಗಣಿಸುತ್ತಾರೆ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ವಯಸ್ಕರಿಗೆ ನಾವು ಜೇಬಿನ ಮಾತ್ರೆಯನ್ನೇ ಮುಂದಿಡುತ್ತೇವೆ: ಅಮಾಕ್ಸಿಸಿಲಿನ್-ಕ್ಲಾವುಲನೇಟ್ 875/125, ವೈದ್ಯರು ಬರೆದುಕೊಟ್ಟದ್ದು, ಅವಧಿ ಮುಗಿಯದ್ದು. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಬೇರೆ ಮಾತ್ರೆಯನ್ನು ಮೊದಲೇ ನಿಗದಿ ಮಾಡಿಸಿಟ್ಟುಕೊಳ್ಳಬೇಕು. ಚಳಿ ಜ್ವರ ಹತ್ತಿದ ಕೂಡಲೇ ಒಂದು ನುಂಗಿ ಆಸ್ಪತ್ರೆಗೆ ಹೊರಡುವುದು. ನುಂಗಿ ಮಲಗುವುದಕ್ಕಲ್ಲ ಅದು.

ಮುಂಬಯಿಯಲ್ಲಿ ನೆರೆ ನೀರಿನಲ್ಲಿ ನಡೆದವರಿಗೆ ಇಲಿಜ್ವರ ತಡೆಯಲು ಪಾಲಿಕೆಯವರು ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಲು ಹೇಳುತ್ತಾರೆ. ಅದನ್ನು ತೆಗೆದುಕೊಳ್ಳಿ, ಆದರೆ ಜೇಬಿನ ಮಾತ್ರೆಗೆ ಅದು ಬದಲಿಯಲ್ಲ. ನಾಯಿ ಕಚ್ಚಿದರೆ ರೇಬಿಸ್ ಲಸಿಕೆಯ ಜೊತೆಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕೂಡ ಬೇಕು, ಕಡಿತ ಚಿಕ್ಕದಾದರೂ. ನಾಯಿಯ ಬಾಯಲ್ಲಿರುವ ಕ್ಯಾಪ್ನೊಸೈಟೊಫಾಗ ಎಂಬ ಬ್ಯಾಕ್ಟೀರಿಯಾ ಗುಲ್ಮ ಇಲ್ಲದವರನ್ನೇ ಹುಡುಕಿ ಹಿಡಿಯುತ್ತದೆ. ಹೈಡಾಟಿಡ್ ಕೊಟ್ಟದ್ದೂ ನಾಯಿಯೇ. ನಾಯಿ ಸಾಕಿದವರು ಅದಕ್ಕೆ ಪಶುವೈದ್ಯರಿಂದ ಹುಳುವಿನ ಔಷಧ ಹಾಕಿಸಿ, ಹಸಿ ಕರುಳು ಹಾಕುವುದನ್ನು ನಿಲ್ಲಿಸಿ.

ಮಲೇರಿಯಾ ಊರಿನಲ್ಲಿ ಗುಲ್ಮವಿಲ್ಲದೆ

ಇಂಡೊನೇಷ್ಯಾದ ಪಪುವಾದಲ್ಲಿ, ಹೆಚ್ಚಾಗಿ ಅಪಘಾತದಿಂದ ಗುಲ್ಮ ತೆಗೆಸಿಕೊಂಡ, ಜ್ವರವಿಲ್ಲದ ಜನರನ್ನು ಪರೀಕ್ಷಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ದೇಹದಲ್ಲಿದ್ದ ವೈವ್ಯಾಕ್ಸ್ ಪರೋಪಜೀವಿಗಳಲ್ಲಿ ಶೇ. 98ಕ್ಕೂ ಮಿಕ್ಕಿ ಗುಲ್ಮದಲ್ಲೇ ಇದ್ದವು. ರಕ್ತದಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಇದರಿಂದ ಎರಡು ಕೆಲಸ ಹುಟ್ಟುತ್ತವೆ. ಆಪರೇಶನ್‌ಗೆ ಮೊದಲು ಮಲೇರಿಯಾ ಸ್ಲೈಡ್ ಮತ್ತು ಕಾರ್ಡ್ ಟೆಸ್ಟ್ ಎರಡೂ ಮಾಡಿಸಿ. ಹಿಂದೆ ವೈವ್ಯಾಕ್ಸ್ ಬಂದು 14 ದಿನದ ಪ್ರೈಮಾಕ್ವಿನ್ ಪೂರ್ತಿ ನುಂಗಿರದಿದ್ದರೆ ಅದನ್ನು ವೈದ್ಯರಿಗೆ ಹೇಳಿ. ಜಿ6ಪಿಡಿ ಪರೀಕ್ಷೆ (ಈ ಕಿಣ್ವ ಕಡಿಮೆಯಿದ್ದವರ ಕೆಂಪುಕಣಗಳನ್ನು ಪ್ರೈಮಾಕ್ವಿನ್ ಒಡೆಯುತ್ತದೆ) ಮಾಡಿಸಿ ದಿನಕ್ಕೆ ಕೆ.ಜಿ.ಗೆ 0.25 ಮಿ.ಗ್ರಾಂ ಲೆಕ್ಕದಲ್ಲಿ ಮುಗಿಸಬಹುದು.

ಆಮೇಲೆ ಮಲೇರಿಯಾ ಬಂದರೆ ಪರೋಪಜೀವಿಗಳ ಎಣಿಕೆ ಬೇಗ ಏರುತ್ತದೆ. ಚಿಕಿತ್ಸೆ ಎಲ್ಲರಿಗೂ ಕೊಡುವುದೇ, ಆದರೆ ಸ್ಲೈಡ್ ಓದುವ ರೀತಿ ಬೇರೆ. ಆರ್ಟಿಮಿಸಿನಿನ್ ಗುಂಪಿನ ಔಷಧ ಪರೋಪಜೀವಿಯನ್ನು ಕೊಂದ ಮೇಲೆ ಹೆಣವನ್ನು ಕೆಂಪುಕಣದಿಂದ ಕೀಳುವ ಕೆಲಸ ಗುಲ್ಮದ್ದು. ಗುಲ್ಮ ಇಲ್ಲದವರಲ್ಲಿ ಹೆಣಗಳು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಸ್ಲೈಡಿನಲ್ಲಿ ಕಾಣುತ್ತಲೇ ಇರುತ್ತವೆ. ಜ್ವರ ಇಳಿದು, ರೋಗಿ ಊಟ ಮಾಡುತ್ತಿದ್ದರೂ ‘ಔಷಧ ಹತ್ತಿಲ್ಲ’ ಎಂದು ಮದ್ದು ಬದಲಿಸುವ ಪ್ರಮಾದ ಇಲ್ಲೇ ಆಗುತ್ತದೆ. ಫಾಲ್ಸಿಪಾರಮ್ ಬಗೆಯ ಮಲೇರಿಯಾದ ಕಾರ್ಡ್ ಟೆಸ್ಟ್ ಕೂಡ ವಾಸಿಯಾದ ಮೇಲೂ ವಾರಗಟ್ಟಲೆ ಪಾಸಿಟಿವ್ ತೋರಿಸುತ್ತದೆ. ಪರೋಪಜೀವಿಗಳ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಅದನ್ನು ನೋಡಬೇಕು.

ಇನ್ನೂ ಕೆಟ್ಟ ತಪ್ಪು ಇದರ ಉಲ್ಟಾ: ಸ್ಲೈಡ್ ಪಾಸಿಟಿವ್ ಬಂತೆಂದು ‘ಮಲೇರಿಯಾ ಸಿಕ್ಕಿತು’ ಎಂದು ಬ್ಯಾಕ್ಟೀರಿಯಾವನ್ನು ಮರೆಯುವುದು. ಎರಡೂ ಒಟ್ಟಿಗೆ ಇರಬಹುದು. ಆದ್ದರಿಂದ ಜ್ವರಕ್ಕೆ ಬ್ಲಡ್ ಕಲ್ಚರ್, ಮಲೇರಿಯಾ ಸ್ಲೈಡ್ ಎರಡನ್ನೂ ತೆಗೆದು, ವರದಿಗೆ ಕಾಯದೆ ಸೆಫ್ಟ್ರಿಯಾಕ್ಸೋನ್ 2 ಗ್ರಾಂ ರಕ್ತನಾಳಕ್ಕೆ ಕೊಡುವುದು ಸರಿ. ರೋಗಿ ತುಂಬ ಬಳಲಿದ್ದರೆ ಜೊತೆಗೆ ವ್ಯಾಂಕೊಮೈಸಿನ್. ಓಣಿಯ ಡಾಕ್ಟರರ ಬಳಿ ಒಂದು ಸೂಜಿ, ಮೂರು ದಿನದ ಪುಡಿಕೆ ಎಂಬ ಅಭ್ಯಾಸ ಇಲ್ಲಿ ಪ್ರಾಣ ತೆಗೆಯುತ್ತದೆ. ನೇರ ದೊಡ್ಡ ಆಸ್ಪತ್ರೆಯ ಕ್ಯಾಜುವಲ್ಟಿಗೆ: ಮುಂಬಯಿಯಲ್ಲಿ ಕೆಇಎಂ, ಸಾಯನ್, ನಾಯರ್, ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೊಳಿಯ ಮೆಡಿಕಲ್ ಕಾಲೇಜು. ಕೇಸ್ ಪೇಪರಿನ ಸಾಲಿನಲ್ಲಿ ನಿಂತಾಗ ಮರಾಠಿಯಲ್ಲಿ ಒಂದು ವಾಕ್ಯ ಸಾಕು: ‘ಸ್ಪ್ಲೀನ್ ಕಾಢಲೇಲೀ ಆಹೇ, ತಾಪ ಆಲಾ ಆಹೇ’ (ಸ್ಪ್ಲೀನ್ ತೆಗೆದಿದ್ದಾರೆ, ಜ್ವರ ಬಂದಿದೆ). ಜೊತೆಗೆ ಬಂದ ಅಣ್ಣನೋ ಹೆಂಡತಿಯೋ ಇದನ್ನು ಬಾಯಿಪಾಠ ಮಾಡಿಕೊಂಡಿರಲಿ. ಆ ಹೊತ್ತಿನಲ್ಲಿ ರೋಗಿ ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ.

ನಗರದ ಮಲೇರಿಯಾ ಸೊಳ್ಳೆ ಚರಂಡಿಯದಲ್ಲ, ಶುದ್ಧ ನೀರಿನದು: ತಾರಸಿಯ ಟಾಕಿ, ಬಾವಿ, ಕಟ್ಟಡದ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು. ಹೋಟೆಲಿನ ತಾರಸಿಯಲ್ಲಿ ಟಾಕಿಯ ಪಕ್ಕ ಮಲಗುವ ಹುಡುಗರಿಗೂ, ಝುವಾರಿನಗರ, ವಾಸ್ಕೊ ಕಡೆ ಕಟ್ಟಡದಲ್ಲೇ ಬಿಡಾರ ಹೂಡುವ ಬಾಗಲಕೋಟೆ, ಕೊಪ್ಪಳದ ಕೂಲಿಯವರಿಗೂ ಸೊಳ್ಳೆಪರದೆಗಿಂತ ದೊಡ್ಡ ಔಷಧವಿಲ್ಲ. ಇಲ್ಲೇ ವಾಸವಿರುವವರು ಮಲೇರಿಯಾ ಮಾತ್ರೆಯನ್ನು ಬದುಕಿಡೀ ನುಂಗಲಾಗದು. ಆದರೆ ಗಡಚಿರೋಲಿಗೋ ಒಡಿಶಾದ ಕಾಡುಸೀಮೆಗೋ ಆಫ್ರಿಕಾಕ್ಕೋ ಹೊರಟರೆ ಆರು ವಾರದೊಳಗಿನ ಪ್ರವಾಸಕ್ಕೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನವೂ, ಹೊರಡುವ ಎರಡು ದಿನ ಮೊದಲಿಂದ ವಾಪಸಾದ 4 ವಾರದವರೆಗೆ; ಹೆಚ್ಚು ಕಾಲಕ್ಕೆ ವಾರಕ್ಕೊಂದು ಮೆಫ್ಲೋಕ್ವಿನ್ 250 ಮಿ.ಗ್ರಾಂ. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನವರಿಗೆ ಡಾಕ್ಸಿಸೈಕ್ಲಿನ್ ಆಗದು. ಮೂರ್ಛೆ, ಮಾನಸಿಕ ಕಾಯಿಲೆ ಇದ್ದವರಿಗೆ ಮೆಫ್ಲೋಕ್ವಿನ್ ಆಗದು.

ಉಳಿದದ್ದು ಕೆಲಸ ಮಾಡುತ್ತಿದೆಯೇ

ಭಾಗಶಃ ಆಪರೇಶನ್ ಆದವರಿಗೂ ಚೂರು ನೆಟ್ಟವರಿಗೂ ಈ ಪ್ರಶ್ನೆ ಇದ್ದೇ ಇದೆ. ಅಗ್ಗದ ಪರೀಕ್ಷೆ ರಕ್ತದ ಸ್ಲೈಡ್: ಕೆಂಪುಕಣದೊಳಗೆ ದುಂಡನೆಯ ಕಡುನೇರಳೆ ಚುಕ್ಕೆ, ಅಂದರೆ ಹೊವೆಲ್-ಜಾಲಿ ಕಾಯಗಳು, ಕಂಡರೆ ಜರಡಿ ಕೆಲಸ ಮಾಡುತ್ತಿಲ್ಲ. ಮೆಷೀನಿನ ಎಣಿಕೆಯಲ್ಲಿ ಇವು ತಪ್ಪಿಹೋಗುತ್ತವೆ, ಆದ್ದರಿಂದ ಚೀಟಿಯಲ್ಲಿ ‘ಕಣ್ಣಿನಿಂದ ನೋಡಿ’ ಎಂದು ವೈದ್ಯರಿಂದಲೇ ಬರೆಸಿ. ಇನ್ನೂ ಸೂಕ್ಷ್ಮವಾದದ್ದು ಗುಳಿಬಿದ್ದ ಕೆಂಪುಕಣಗಳ ಎಣಿಕೆ, ಶೇ. 4 ಮೀರಿದರೆ ಗುಲ್ಮ ಸೋತಿದೆ ಎಂದರ್ಥ, ಆದರೆ ಅದಕ್ಕೆ ಬೇಕಾದ ಸೂಕ್ಷ್ಮದರ್ಶಕ ಎಲ್ಲ ಲ್ಯಾಬಿನಲ್ಲಿ ಇರುವುದಿಲ್ಲ. ಸ್ಲೈಡ್ ಚೊಕ್ಕಟವಾಗಿ ಬಂದರೂ ಲಸಿಕೆ, ಜೇಬಿನ ಮಾತ್ರೆ ಬಿಡಬೇಡಿ. ಚುಕ್ಕೆ ಹೆಕ್ಕುವ ಶಕ್ತಿ ಮರಳಿದ್ದಕ್ಕೂ ನ್ಯುಮೊಕಾಕಸ್ ಹಿಡಿಯುವ ಶಕ್ತಿ ಮರಳಿದ್ದಕ್ಕೂ ನೇರ ಸಂಬಂಧವಿಲ್ಲ.

ಕೊನೆಯದಾಗಿ ಕಾಗದ. ಆಧಾರ್ ಕಾರ್ಡಿನ ಅಳತೆಯ ಒಂದು ರಟ್ಟಿನ ಮೇಲೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಗುಲ್ಮ ತೆಗೆದ ತಾರೀಕು, ಯಾವ ಲಸಿಕೆ ಯಾವ ಕಂಪನಿಯದು ಯಾವ ದಿನ, ಮುಂದಿನ ಡೋಸ್ ಯಾವ ವರ್ಷ, ಪೆನಿಸಿಲಿನ್ ಅಲರ್ಜಿ ಇದೆಯೇ ಇಲ್ಲವೇ ಎಂದು ಬರೆಸಿ ಲ್ಯಾಮಿನೇಟ್ ಮಾಡಿಸಿ. ಒಂದು ಪ್ರತಿ ಪಾಕೀಟಿನಲ್ಲಿ, ಇನ್ನೊಂದರ ಫೋಟೊ ಊರಿನಲ್ಲಿರುವವರ ಮೊಬೈಲಿನಲ್ಲಿ. 5 ವರ್ಷದ ಡೋಸು ಬರುವ ಹೊತ್ತಿಗೆ ಆಪರೇಶನ್ ಮಾಡಿದ ಸರ್ಜನ್ ಬೇರೆ ಊರಿಗೆ ಹೋಗಿರುತ್ತಾರೆ, ನೀವೂ ಮನೆ ಬದಲಿಸಿರುತ್ತೀರಿ.